ಮಕ್ಕಳಿಗೆ ಪಯೋನಿಯರ್ ಕಥೆ ಓದಿಸೋದಾ ಬೇಡ್ವಾ?

ಮಿನ್ನೆಸೋಟಾ_ಅಮ್ಮ: ಮಗಳು ಮೂರನೇ ಕ್ಲಾಸು, ಸ್ಕೂಲಲ್ಲಿ ಪಯೋನಿಯರ್ (ಅಮೆರಿಕದ ಪಶ್ಚಿಮದ ಬಯಲಿಗೆ ಹೋಗಿ ನೆಲೆಸಿದ ವಲಸೆಗಾರರು) ಪಾಠ ಶುರುವಾಗಿದೆ, ಹಾಗಾಗಿ ರಾತ್ರಿ ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕಗಳನ್ನ ಒಂದೊಂದು ಅಧ್ಯಾಯ ಓದ್ತಿದೀವಿ. 1880-81ರ ಚಳಿಗಾಲದಲ್ಲಿ ಡಕೋಟಾದಲ್ಲಿ ಹಿಮಕ್ಕೆ ರೈಲು ನಿಂತೋಗಿ, ಕಲ್ಲಿದ್ದಲು ಮುಗಿದು, ಒಣಹುಲ್ಲು ಹೊಸೆದು ಒಲೆಗೆ ಹಾಕ್ತಿದ್ರು, ಕಾಫಿಬೀಜದ ಮಿಲ್ಲಲ್ಲಿ ಗೋಧಿ ಬೀಸ್ತಿದ್ರು ಅಂತ ಓದಿದ್ಮೇಲೆ ಇವಳು ತಟ್ಟೇಲಿ ಒಂದಗುಳು ಬಿಡ್ತಿಲ್ಲ. ಆದ್ರೆ ನನ್ನ ಗೆಳತಿ ಈ ಪುಸ್ತಕ ಕೊಡ್ಲೇಬಾರ್ದು ಅಂತಾಳೆ. ನೀವೆಲ್ಲ ಏನಂತೀರಿ?

ಕನ್ಸಾಸ್_ಕನ್ನಡಿಗ: ಗೆಳತಿ ಮಾತಲ್ಲಿ ಹುರುಳಿದೆ. ಲಾರಾ ಅಪ್ಪ ಕನ್ಸಾಸಲ್ಲಿ ಮನೆ ಕಟ್ಟಿದ್ದು ಓಸೇಜ್ ಅನ್ನೋ ಮೂಲನಿವಾಸಿ ಜನರ ಮೀಸಲು ನೆಲದಲ್ಲಿ, ಹೇಳದೆ ಕೇಳದೆ. ಆ ಕಥೆ ಇರೋ 1935ರ ಪುಸ್ತಕದಲ್ಲಿ ಅಲ್ಲಿ ಜನರೇ ಇರ್ಲಿಲ್ಲ, ಇಂಡಿಯನ್ನರಷ್ಟೇ (ಅಂದ್ರೆ ಅಲ್ಲಿನ ಮೂಲನಿವಾಸಿಗಳು) ಇದ್ರು ಅನ್ನೋ ಅರ್ಥದ ಸಾಲಿತ್ತು, ಅದನ್ನ ತಿದ್ದಿದ್ದು 1953ರಲ್ಲಿ. 2018ರಲ್ಲಿ ಅಮೆರಿಕದ ಮಕ್ಕಳ ಲೈಬ್ರರಿಯವರು ತಮ್ಮ ಪ್ರಶಸ್ತಿಯಿಂದ ಲಾರಾ ಹೆಸರನ್ನೇ ತೆಗೆದ್ರು. ಏಳೆಂಟು ವರ್ಷದ ಮಗು ಇದನ್ನೆಲ್ಲ ತಾನೇ ಹೇಗೆ ಬಿಡಿಸಿಕೊಳ್ಳುತ್ತೆ?

ಶಿರಸಿ_ಮೇಷ್ಟ್ರು: ತಾನೇ ಬಿಡಿಸ್ಕೊಳಲ್ಲ ಸಾರ್, ಅದಕ್ಕೇ ಪಕ್ಕದಲ್ಲಿ ದೊಡ್ಡವರು ಕೂತು ಓದ್ಬೇಕು. ಪುಸ್ತಕ ಕಿತ್ಕೊಂಡ್ರೆ ಮಗುಗೆ ಎರಡೂ ಕಡೆ ಕಥೆ ಸಿಗಲ್ಲ. ಮರವೇ ಇಲ್ಲದ ಬಯಲಲ್ಲಿ ಹುಲ್ಲುಬೇರಿನ ಹೆಂಟೆ ಕತ್ತರಿಸಿ ಗೋಡೆ ಎಬ್ಬಿಸ್ತಿದ್ರು, ಬೈಸನ್ ಅನ್ನೋ ಅಮೆರಿಕದ ಕಾಡುದನದ ಒಣಸಗಣಿ ಉರಿಸ್ತಿದ್ರು ಅಂತ ಹೇಳಿದಾಗ ನಮ್ಮ ಮಕ್ಕಳು 'ಅಯ್ಯೋ ಬೆರಣಿ!' ಅಂದ್ರು, ಇಸವಿ ಕಂಠಪಾಠ ಮಾಡಿಸಿದ್ರೆ ಆ ಮಾತು ಬರ್ತಿತ್ತಾ?

ಹಾಸನದ_ಹುಡುಗಿ: ನನ್ನ ತಕರಾರು ಬೇರೆ. ಈ ಕಥೆಗಳನ್ನ ಹೇಳೋವಾಗ ಎಲ್ಲರೂ 'ದುಡಿದವರಿಗೆ ಫಲ ಸಿಕ್ತು' ಅಂತ ಮುಗಿಸ್ತಾರೆ, ಅದು ನನಗೆ ಸಿಟ್ಟು ಬರ್ಸುತ್ತೆ. 1862ರ ಹೋಮ್‌ಸ್ಟೆಡ್ ಕಾಯ್ದೆ ನೆಲೆಸೋಕೆ ಬಂದವರಿಗೆ 160 ಎಕರೆ ಸರ್ಕಾರಿ ನೆಲ ಕೊಡ್ತು ನಿಜ, ಅಲ್ಲೇ ಐದು ವರ್ಷ ಇದ್ದು ಉತ್ತರೆ ಮಾತ್ರ, ತುಂಬಾ ಜನ ಅದಕ್ಕೂ ಮುಂಚೆ ಸೋತು ಎದ್ದುಹೋದ್ರು. 1870ರ ದಶಕದಲ್ಲಿ ಮಿಡತೆ ಹಿಂಡು ಬಂದು ಮಿನ್ನೆಸೋಟಾದಲ್ಲಿ ಲಾರಾ ಮನೆಯ ಗೋಧೀನೂ ತಿಂದ್ಹಾಕ್ತು, ಅಪ್ಪ ಕೂಲಿ ಹುಡುಕ್ಕೊಂಡು ದೂರದ ಊರಿಗೆ ನಡ್ಕೊಂಡೇ ಹೋದ. ಸಾಲ, ಗುಳೆ ಅಂದ್ರೆ ಏನು ಅಂತ ನಮ್ಮ ರೈತರ ಮಕ್ಕಳಿಗೆ ಹೇಳ್ಕೊಡೋದೇ ಬೇಡ.

ಲೈಬ್ರರಿ_ಅಕ್ಕ: ಜೊತೇಲೇ ಲೂಯಿಸ್ ಅರ್ಡ್ರಿಕ್ ಬರೆದ 'ದ ಬರ್ಚ್‌ಬಾರ್ಕ್ ಹೌಸ್' ಓದಿ. 1847, ಸುಪೀರಿಯರ್ ಸರೋವರದ ದ್ವೀಪ, ಒಜಿಬ್ವೆ ಅನ್ನೋ ಮೂಲನಿವಾಸಿ ಜನರ ಹುಡುಗಿ ಓಮಕಾಯಸ್ ಕಥೆ. ಲಾರಾ ಮನೆಯವರ ಥರಾನೇ ಇವರೂ ಮೇಪಲ್ ಸಕ್ಕರೆ ಕಾಯಿಸ್ತಾರೆ, ಆದ್ರೆ ಹೊರಗಿಂದ ಬಂದ ಸಿಡುಬು ಇವರ ಮನೆಗೆ ನುಗ್ಗುತ್ತೆ. ಎರಡೂ ಪುಸ್ತಕ ಓದಿದ ಮಗುಗೆ ಭಾಷಣ ಬೇಕಾಗಲ್ಲ. ಇನ್ನೊಂದು, ಕನ್ಸಾಸಲ್ಲಿ ಲಾರಾ ಮನೆಯವರಿಗೆ ಮಲೇರಿಯಾ ಬಂದಾಗ ನೋಡಿದ್ದು ಕಪ್ಪು ಜನಾಂಗದ ಡಾಕ್ಟರ್ ಜಾರ್ಜ್ ಟ್ಯಾನ್. ಆ ಪುಟಕ್ಕೆ ಬಂದಾಗ ದಯವಿಟ್ಟು ನಿಧಾನವಾಗಿ ಓದಿ.

ಮಿನ್ನೆಸೋಟಾ_ಅಮ್ಮ: ಲೈಬ್ರರಿಯಲ್ಲಿ ಬುಕ್ ಮಾಡಿದೆ ಅಕ್ಕ. ನಿನ್ನೆ ಓಸೇಜ್ ಜನ ಸಾಲಾಗಿ ಕುದುರೆ ಮೇಲೆ ಹೋಗೋ ಅಧ್ಯಾಯ ಬಂತು, ಮಗಳು 'ಅವರೆಲ್ಲ ಎಲ್ಲಿಗೆ ಹೋದ್ರಮ್ಮ' ಅಂದ್ಲು, ನನಗೆ ಉತ್ತರ ಗೊತ್ತಿರ್ಲಿಲ್ಲ.

ಕನ್ಸಾಸ್_ಕನ್ನಡಿಗ: ಕೊನೆಗೆ ದಕ್ಷಿಣಕ್ಕೆ, ಈಗಿನ ಒಕ್ಲಹೋಮಾಗೆ. ಕನ್ಸಾಸ್ ನೆಲ ಮಾರಿದ ದುಡ್ಡಲ್ಲೇ ಚೆರೋಕಿ ಅನ್ನೋ ಇನ್ನೊಂದು ಮೂಲನಿವಾಸಿ ಜನರಿಂದ ಆ ಜಾಗ ಕೊಂಡ್ಕೊಂಡ್ರು. ಪೊಹಸ್ಕಾ ಅನ್ನೋ ಊರಲ್ಲಿ ಅವರದೇ ಸರ್ಕಾರ ಈಗಲೂ ಇದೆ, ಮ್ಯಾಪಲ್ಲಿ ತೋರ್ಸಿ. ಓದಿಸ್ಬೇಡಿ ಅಂದಿದ್ನಲ್ಲ, ಆ ಮಾತು ವಾಪಸ್ ತಗೊಂಡೆ, ಇಂಥಾ ಪ್ರಶ್ನೆ ಕೇಳೋ ಮಗು ಓದ್ಲಿ.