ಒಂದೊಂದೇ ಬಿಡುತ್ತಾ ಹೋದೆ, ಈಗ ಮರಳಿ ತರುವುದು ಹೇಗೆ? (ಹಿಸ್ಟಮಿನ್, ಅಲರ್ಜಿ)

ಹಸಿರುಗರಿ:

ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕಳೆದ ವರ್ಷದಿಂದ ಊಟವಾಗಿ ಸ್ವಲ್ಪ ಹೊತ್ತಿಗೆ ನನ್ನ ಮುಖ, ಕತ್ತು ಕೆಂಪಾಗಿ ಬಿಸಿಯಾಗುತ್ತದೆ. ಮೂಗು ಸೋರುತ್ತದೆ, ತಲೆನೋವು ಬರುತ್ತದೆ. ಕೆಲವು ಸಲ ಎದೆ ಡವಡವ ಅನ್ನುತ್ತದೆ, ಹೊಟ್ಟೆಯೂ ಕೆಡುತ್ತದೆ. ಇದಕ್ಕೆ ಒಂದು ಲೆಕ್ಕವೇ ಸಿಗುತ್ತಿಲ್ಲ. ಟೊಮೆಟೊ ಒಂದು ದಿನ ತಿಂದರೆ ಏನೂ ಆಗಲ್ಲ. ಇನ್ನೊಂದು ದಿನ ಅದರ ಜೊತೆ ಚೀಸ್ ಇದ್ದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೀನು ತಂದ ದಿನವೇ ಬೇಯಿಸಿದರೆ ಒಗ್ಗುತ್ತದೆ, ಮರುದಿನ ಬಿಸಿ ಮಾಡಿ ತಿಂದರೆ ಒಗ್ಗುವುದಿಲ್ಲ.

ಯಾವ ಆಹಾರ ಒಗ್ಗಲ್ಲ ಅಂತ ತಿಳಿಯಲು ಒಂದು ಲ್ಯಾಬಿನಲ್ಲಿ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ರಕ್ತಪರೀಕ್ಷೆ ಮಾಡಿಸಿದೆ. ಹಾಲು, ಗೋಧಿ, ಮೊಟ್ಟೆ, ಹೀಗೆ ಉದ್ದ ಪಟ್ಟಿ ಕೆಂಪು ಬಣ್ಣದಲ್ಲಿ ಬಂತು. ಎಲ್ಲ ಬಿಟ್ಟೆ. ಆಮೇಲೆ ಹಿಸ್ಟಮಿನ್ (ಅಲರ್ಜಿಯಾದಾಗ ದೇಹ ಬಿಡುವ, ಕೆಲವು ಆಹಾರಗಳಲ್ಲೂ ಇರುವ ರಾಸಾಯನಿಕ) ಬಗ್ಗೆ ಓದಿ ಟೊಮೆಟೊ, ಪಾಲಕ್, ಬದನೆ, ಕಿತ್ತಳೆ, ನಿಂಬೆ, ಹುಳಿ ಬರಿಸಿದ್ದು ಇವನ್ನೂ ಬಿಟ್ಟೆ. ಈಗ ಉಳಿದಿರುವುದು ಅನ್ನ, ಕೋಳಿ, ಸೇಬು ಮತ್ತು ನಾಲ್ಕೈದು ತರಕಾರಿ. ಮುಖ ಕೆಂಪಾಗುವುದು ತುಂಬ ಕಡಿಮೆಯಾಗಿದೆ, ನಿಜ. ಆದರೆ ತೂಕ ಇಳಿದಿದೆ, ಸುಸ್ತು ಜಾಸ್ತಿ. ಯಾರ ಜೊತೆಗೂ ಕೂತು ನೆಮ್ಮದಿಯಾಗಿ ಉಣ್ಣಲು ಆಗುತ್ತಿಲ್ಲ.

ಯಾವುದನ್ನು ಮೊದಲು ಮರಳಿ ತರಲಿ? ಹಿಸ್ಟಮಿನ್ ಒಡೆಯುವ ಡಿಎಒ ಕಿಣ್ವದ ಮಾತ್ರೆ ತಗೊಂಡರೆ ಎಲ್ಲ ತಿನ್ನಬಹುದಾ? ಗೋಡಂಬಿ ಬಿಟ್ಟು ಬಹಳ ಕಾಲವಾಯಿತು, ಅದರಿಂದಲೇ ಶುರು ಮಾಡೋಣ ಅಂದುಕೊಂಡಿದ್ದೇನೆ. ಹಿಂದೆ ಒಮ್ಮೆ ತಿಂದ ಕೆಲವೇ ನಿಮಿಷಕ್ಕೆ ತುಟಿ ಊದಿಕೊಂಡು ಮೈಮೇಲೆ ಗಂಧೆ ಎದ್ದಿತ್ತು, ತಾನಾಗಿಯೇ ಇಳಿಯಿತು. ರಕ್ತದೊತ್ತಡಕ್ಕೆ ವೆರಪಮಿಲ್ ತಗೊಳ್ಳುತ್ತೇನೆ. ಜೊತೆಗೆ ದಿನಾ ಅಲರ್ಜಿಯ ಮಾತ್ರೆ, ಒಂದು ಸಿಟ್ರಿಜಿನ್.

ಮಿಂಚುಳ್ಳಿ:

ಮೀನಿನ ಮಾತು ಓದಿದ ಕೂಡಲೇ ನನ್ನದೇ ಕಥೆ ಅನ್ನಿಸಿತು. ಟ್ಯೂನಾ, ಬಂಗುಡೆಯಂಥ ಮೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಜಾಸ್ತಿ. ಸರಿಯಾಗಿ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅದು ಅತಿಯಾದರೆ ಯಾವ ತೊಂದರೆಯೂ ಇಲ್ಲದವರಿಗೂ ಮೈ ಕೆಂಪೇರಿ ವಾಂತಿಯಾಗುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗಲ್ಲ, ಫ್ರೀಜರಿನಲ್ಲಿಟ್ಟರೂ ಹೋಗಲ್ಲ. ಹೊಸದಾಗಿ ಹುಟ್ಟುವುದನ್ನು ಮಾತ್ರ ತಡೆಯಬಹುದು. ಅದಕ್ಕೇ ನಾನು ಮಿಕ್ಕಿದ್ದನ್ನು ಬಿಸಿ ಆರುವಷ್ಟು ಹೊತ್ತು ಮಾತ್ರ ಹೊರಗೆ ಬಿಟ್ಟು, ಸಣ್ಣ ಡಬ್ಬಿಗಳಲ್ಲಿ ಹಾಕಿ ನೇರ ಫ್ರೀಜರಿಗೆ ಇಡುತ್ತೇನೆ. ಇದೊಂದರಿಂದಲೇ ನನಗೆ ಅರ್ಧ ತೊಂದರೆ ಹೋಯಿತು, ಯಾವ ತರಕಾರಿಯನ್ನೂ ಬಿಡಬೇಕಾಗಲಿಲ್ಲ.

ತಟ್ಟೆತುಂಬ:

ಹಸಿರುಗರಿ, ಗೋಡಂಬಿಯನ್ನು ಮನೆಯಲ್ಲಿ ತಿಂದು ನೋಡಬೇಡಿ. ಪಿಸ್ತಾ ಕೂಡ ಬೇಡ. ಗೋಡಂಬಿ ಅಲರ್ಜಿ ಇರುವ ಬಹಳ ಜನರಿಗೆ ಪಿಸ್ತಾ ಕೂಡ ಆಗುವುದಿಲ್ಲ, ಎರಡೂ ಒಂದೇ ಕುಟುಂಬದವು.

ನಾನು ಆಹಾರ ತಜ್ಞೆ, ಅಲರ್ಜಿ ವೈದ್ಯರ ಜೊತೆ ಕೆಲಸ ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆ ಬೆರೆತುಹೋಗಿವೆ. ತಿಂದ ನಿಮಿಷಗಳಲ್ಲಿ ತುಟಿ ಊದಿ ಗಂಧೆ ಏಳುವುದು ಐಜಿಇ ಎಂಬ ಪ್ರತಿಕಾಯದಿಂದಾಗುವ ಅಲರ್ಜಿಯ ಲಕ್ಷಣ. ಅದು ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಕಾಣಿಸುತ್ತದೆ. ಚೂರು ತಿಂದರೂ ಸಾಕು. ಹಿಂದಿನ ಸಲ ಹಗುರವಾಗಿ ಹೋಯಿತು ಅಂತ ಮುಂದಿನ ಸಲವೂ ಹಾಗೇ ಹೋಗುತ್ತದೆ ಅನ್ನುವಂತಿಲ್ಲ. ಉಸಿರು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು, ಸಿಟ್ರಿಜಿನ್ ಅಲ್ಲ. ಅಲರ್ಜಿ ವೈದ್ಯರು ಚರ್ಮದ ಪರೀಕ್ಷೆ ಅಥವಾ ಐಜಿಇ ರಕ್ತಪರೀಕ್ಷೆ ಮಾಡಿ, ಬೇಕಾದರೆ ಆಸ್ಪತ್ರೆಯಲ್ಲೇ ಕಣ್ಣೆದುರು ತಿನ್ನಿಸಿ ನೋಡುತ್ತಾರೆ. ಅಲ್ಲಿಯವರೆಗೆ ಗೋಡಂಬಿ, ಪಿಸ್ತಾ ಎರಡನ್ನೂ ದೂರವಿಡಿ.

ಉಳಿದದ್ದು ಹಿಸ್ಟಮಿನ್ ಕಥೆಯಂತೆ ಕಾಣುತ್ತದೆ. ನಮ್ಮ ಸಣ್ಣ ಕರುಳಿನಲ್ಲಿ ಡಿಎಒ ಎಂಬ ಕಿಣ್ವವಿದೆ. ಊಟದ ಜೊತೆ ಬಂದ ಹಿಸ್ಟಮಿನ್ ಅನ್ನು ಅದು ಒಡೆಯುತ್ತದೆ. ಕಿಣ್ವ ಸಾಲದಿದ್ದರೆ ಹಿಸ್ಟಮಿನ್ ರಕ್ತಕ್ಕೆ ಸೇರುತ್ತದೆ. ಇಲ್ಲಿ ಎಲ್ಲವೂ ಪ್ರಮಾಣದ ಮಾತು. ಟೊಮೆಟೊ ಒಂದೇ ಇದ್ದಾಗ ಸುಮ್ಮನಿದ್ದ ದೇಹ, ಹಳೆಯ ಚೀಸೂ ಸೇರಿದಾಗ ತಡೆಯಲಿಲ್ಲ. ನಿಮಗೆ ಸಿಗದ ಲೆಕ್ಕ ಇದೇ ಇರಬಹುದು. ಆದರೆ ಇದನ್ನು ಖಚಿತವಾಗಿ ಹೇಳುವ ಒಂದು ಪರೀಕ್ಷೆ ಇಲ್ಲ. ರಕ್ತದಲ್ಲಿ ಡಿಎಒ ಅಳೆದರೂ ಅದನ್ನೇ ನಂಬಿ ತೀರ್ಮಾನಿಸಲು ಆಗುವುದಿಲ್ಲ. ಮುಖ ಕೆಂಪೇರುವುದಕ್ಕೆ ಬೇರೆ ಕಾರಣಗಳೂ ಇವೆ, ಹಾಗಾಗಿ ಟ್ರಿಪ್ಟೇಸ್ (ಅಲರ್ಜಿಯ ಕೋಶಗಳು ಬಿಡುವ ಒಂದು ಕಿಣ್ವ) ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಆ ಕೆಂಪು ಪಟ್ಟಿಯ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಐಜಿಜಿ ಇದ್ದರೆ ಆ ಆಹಾರ ನಿಮ್ಮ ಊಟದಲ್ಲಿತ್ತು ಅಂತಷ್ಟೇ ಅರ್ಥ. ಅಲರ್ಜಿ ಗುರುತಿಸಲು ಇದನ್ನು ಬಳಸಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಆದರೂ ಜನ ಅದನ್ನು ನಂಬಿ ಹಾಲು, ಮೊಟ್ಟೆ, ಗೋಧಿ ಮೂರನ್ನೂ ಒಟ್ಟಿಗೆ ಬಿಟ್ಟು ಸೊರಗುತ್ತಾರೆ. ನನ್ನ ಮುಂದೆ ಹೀಗೆ ಬಂದು ಕೂತವರು ತುಂಬ ಜನ.

ಈಗ ನಿಮ್ಮ ಮೂಲ ಪ್ರಶ್ನೆ. ಬಿಡುವುದು ಎರಡು ವಾರದ ಕೆಲಸ. ಜರ್ಮನಿಯ ತಜ್ಞರ ಮಾರ್ಗಸೂಚಿಯಲ್ಲಿ ಹಿಸ್ಟಮಿನ್ ಕಡಿಮೆ ಇರುವ ಊಟಕ್ಕೆ ಕೊಟ್ಟಿರುವುದು 10ರಿಂದ 14 ದಿನ ಮಾತ್ರ. ಒಂದೊಂದಾಗಿ ಮರಳಿ ತಂದು ನೋಡುವುದಕ್ಕೆ ಆರು ವಾರದವರೆಗೆ ಕೊಟ್ಟಿದ್ದಾರೆ. ಅಂದರೆ ಹೆಚ್ಚು ಸಮಯ ಮರಳಿ ತರುವುದಕ್ಕೆ, ಅಲ್ವಾ? ನೀವು ಮೊದಲ ಹಂತದಲ್ಲೇ ತಿಂಗಳುಗಟ್ಟಲೆ ನಿಂತುಬಿಟ್ಟಿದ್ದೀರಿ.

ಹಾಲು, ಮೊಟ್ಟೆ ತಿಂದಾಗ ಹಿಂದೆ ಎಂದೂ ಗಂಧೆ, ಊತ, ಉಸಿರಾಟದ ತೊಂದರೆ ಆಗಿಲ್ಲ ಎಂದಾದರೆ, ವೈದ್ಯರಿಗೆ ಒಂದು ಮಾತು ಹೇಳಿ ಅಲ್ಲಿಂದ ಶುರು ಮಾಡಿ. ಮೊದಲು ತಾಜಾ ಹಾಲು, ನಂತರ ಮೊಟ್ಟೆ. ಗೋಧಿಯ ವಿಷಯದಲ್ಲಿ ಒಂದು ಮಾತು: ಗೋಧಿ ಬಿಟ್ಟಿರುವಾಗ ಸೀಲಿಯಾಕ್ (ಗೋಧಿಯ ಗ್ಲುಟನ್‌ನಿಂದ ಕರುಳು ಹಾಳಾಗುವ ಕಾಯಿಲೆ) ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಆ ಪರೀಕ್ಷೆ ಬೇಕಾ, ಬೇಕಿದ್ದರೆ ಎಷ್ಟು ದಿನ ಗೋಧಿ ತಿಂದ ಮೇಲೆ ಮಾಡಿಸಬೇಕು ಅಂತ ಕೇಳಿಕೊಳ್ಳಿ. ಆಮೇಲೆ ಟೊಮೆಟೊ, ಪಾಲಕ್, ಬದನೆ. ಹಳೆಯ ಚೀಸ್, ಹುಳಿ ಬರಿಸಿದ್ದು ಕೊನೆಗೆ.

ಒಂದು ಸಲಕ್ಕೆ ಒಂದೇ ಪದಾರ್ಥ. ಮೊದಲ ದಿನ ಒಂದೆರಡು ಚಮಚ, ಮರುದಿನ ಅದರ ಎರಡರಷ್ಟು, ಮೂರನೇ ದಿನ ಮಾಮೂಲಿ ಪ್ರಮಾಣ. ನಂತರ ಎರಡು ದಿನ ಬಿಟ್ಟು ಮುಂದಿನದು. ಏನು ತಿಂದಿರಿ ಅನ್ನುವುದರ ಜೊತೆ ಎಷ್ಟು, ಎಷ್ಟು ತಾಜಾ, ಎಷ್ಟು ಹೊತ್ತಿಗೆ ಏನಾಯಿತು ಎಂದೂ ಬರೆದಿಡಿ. ನಿದ್ದೆ, ಮುಟ್ಟಿನ ದಿನ, ಮದ್ಯ, ಮಾತ್ರೆ ಇವನ್ನೂ ಸೇರಿಸಿ. ಮದ್ಯ ಎರಡು ಕಡೆಯಿಂದ ಕಾಡುತ್ತದೆ. ವೈನಿನಲ್ಲಿ ಹಿಸ್ಟಮಿನ್ ಇರುತ್ತದೆ, ಮದ್ಯ ಡಿಎಒ ಕೆಲಸವನ್ನೂ ತಗ್ಗಿಸುತ್ತದೆ.

ಡಿಎಒ ಮಾತ್ರೆಗಳನ್ನು ಹೆಚ್ಚಾಗಿ ಹಂದಿಯ ಮೂತ್ರಪಿಂಡದಿಂದ ತೆಗೆಯುತ್ತಾರೆ. ಕೆಲವರಿಗೆ ಸ್ವಲ್ಪ ಸಹಾಯವಾಗಿದೆ, ಆದರೆ ಅಧ್ಯಯನಗಳು ಚಿಕ್ಕವು. ಅದನ್ನು ನಂಬಿ ಗೋಡಂಬಿ ಮುಟ್ಟಬೇಡಿ. ಅಲರ್ಜಿಗೂ ಆ ಮಾತ್ರೆಗೂ ಸಂಬಂಧವಿಲ್ಲ.

ಗುಳಿಗೆಡಬ್ಬಿ:

ಔಷಧದ ಕಡೆಯಿಂದ ಎರಡು ಮಾತು. ಡಿಎಒ ಕೆಲಸ ತಗ್ಗಿಸಬಲ್ಲವು ಎಂದು ಹೆಸರಿಸುವ ಮಾತ್ರೆಗಳಲ್ಲಿ ವೆರಪಮಿಲ್ ಒಂದು. ಕ್ಲಾವುಲಾನಿಕ್ ಆ್ಯಸಿಡ್ ಇರುವ ಆ್ಯಂಟಿಬಯಾಟಿಕ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಆ ಸಾಲಿನಲ್ಲಿವೆ. ನಿಮ್ಮ ತೊಂದರೆ ಶುರುವಾಗಿದ್ದು ಮಾತ್ರೆ ಶುರುವಾದ ಮೇಲಾ? ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ರಕ್ತದೊತ್ತಡ ಏರಿದರೆ ಅದು ಇನ್ನೂ ದೊಡ್ಡ ತೊಂದರೆ.

ಸಿಟ್ರಿಜಿನ್ ನಡೆಯುತ್ತಿದ್ದರೆ ಚರ್ಮದ ಪರೀಕ್ಷೆಯ ಫಲಿತಾಂಶ ಸರಿಯಾಗಿ ಬರಲ್ಲ. ಸಾಮಾನ್ಯವಾಗಿ ಒಂದು ವಾರದ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಐಜಿಇ ರಕ್ತಪರೀಕ್ಷೆಗೆ ಅದರ ಅಡ್ಡಿ ಇಲ್ಲ.

ಹಸಿರುಗರಿ:

ಎಲ್ಲರಿಗೂ ತುಂಬ ಧನ್ಯವಾದ. ಗೋಡಂಬಿಯ ಡಬ್ಬಿಯನ್ನೇ ಮನೆಯಿಂದ ಹೊರಗೆ ಹಾಕಿದೆ. ವೆರಪಮಿಲ್ ಶುರುವಾಗಿದ್ದು ಮುಖ ಕೆಂಪಾಗುವುದಕ್ಕೆ ಸ್ವಲ್ಪ ಮುಂಚೆಯೇ, ಈಗ ಹೊಳೆಯುತ್ತಿದೆ. ವೈದ್ಯರ ಸಮಯ ಕೇಳಿದ್ದೇನೆ. ಇನ್ನೊಂದು ಪ್ರಶ್ನೆ: ಮರಳಿ ತರುವಾಗ ಟೊಮೆಟೊದಿಂದ ತಲೆನೋವು ಬಂತು ಅಂತಿಟ್ಟುಕೊಳ್ಳಿ. ಆಗ ಅದನ್ನು ಶಾಶ್ವತವಾಗಿ ಬಿಡಬೇಕಾ? ಸಿಟ್ರಿಜಿನ್ ಆ ದಿನಗಳಲ್ಲಿ ತಗೊಳ್ಳಬಹುದಾ?

ತಟ್ಟೆತುಂಬ:

ಶಾಶ್ವತವಾಗಿ ಬೇಡವೇ ಬೇಡ. ಆ ದಿನ ನಿಲ್ಲಿಸಿ, ತಲೆನೋವು ಪೂರ್ತಿ ಇಳಿಯುವವರೆಗೆ ಕಾಯಿರಿ, ಮುಂದಿನ ಪದಾರ್ಥಕ್ಕೆ ಹೋಗಿ. ಕೆಲವು ವಾರ ಕಳೆದ ಮೇಲೆ ಅರ್ಧ ಪ್ರಮಾಣದಲ್ಲಿ, ಬೇರೆ ಯಾವ ಹಿಸ್ಟಮಿನ್ ಆಹಾರವೂ ಇಲ್ಲದ ದಿನ ಮತ್ತೆ ನೋಡಿ. ಒಂದು ತಲೆನೋವು ಸಾಕ್ಷಿಯಲ್ಲ, ನಿದ್ದೆಗೆಟ್ಟರೂ ತಲೆ ನೋಯುತ್ತದೆ. ಮೂರು ಸಲವೂ ಹಾಗೇ ಆದರೆ ನಿಮ್ಮ ಮಿತಿ ಎಷ್ಟು ಅಂತ ಗೊತ್ತಾಗುತ್ತದೆ. ಆ ಮಿತಿಯೊಳಗೆ ಟೊಮೆಟೊ ನಿಮ್ಮದೇ.

ಸಿಟ್ರಿಜಿನ್ ಒಂದು ದಿನ ಇದ್ದು ಒಂದು ದಿನ ಇಲ್ಲದಿದ್ದರೆ ನಿಮ್ಮ ಪುಸ್ತಕದಲ್ಲಿ ಬರೆದದ್ದಕ್ಕೆ ಅರ್ಥ ಉಳಿಯುವುದಿಲ್ಲ. ಇಟ್ಟುಕೊಳ್ಳಬೇಕಾ, ನಿಲ್ಲಿಸಬೇಕಾ ಎಂದು ವೈದ್ಯರ ಜೊತೆ ಮೊದಲೇ ತೀರ್ಮಾನಿಸಿ, ಕೊನೆಯವರೆಗೆ ಹಾಗೇ ನಡೆಸಿ. ತೂಕ ಇಳಿದಿದೆ ಅಂದಿರಲ್ಲ, ಹೋದಾಗ ಕಬ್ಬಿಣ, ಬಿ12, ವಿಟಮಿನ್ ಡಿ ಕೂಡ ನೋಡಿಸಿ. ಹಾಲು ಒಗ್ಗಿದ ದಿನ ಇಲ್ಲಿ ಬಂದು ಬರೆಯಿರಿ, ಮೊಟ್ಟೆಯ ಪ್ರಮಾಣ ಆಗ ಹೇಳುತ್ತೇನೆ.