ಸೆವೆನ್ ಸಿನಿಮಾ ಟೈಟಲ್‌ನಲ್ಲಿ ಬರೋದು 'ಕ್ಲೋಸರ್'ನ ಯಾವ ವರ್ಷನ್?

ಮಳೆರಾತ್ರಿ
ನಿನ್ನೆ ಹೆಡ್‌ಫೋನ್ ಹಾಕ್ಕೊಂಡು ಡೇವಿಡ್ ಫಿಂಚರ್‌ದು ಸೆವೆನ್ (1995) ಮತ್ತೆ ನೋಡ್ದೆ. ಶುರುನಲ್ಲಿ ಹೆಸರುಗಳು ಬರ್ತಾ ಬ್ಲೇಡಲ್ಲಿ ಬೆರಳಿನ ಚರ್ಮ ಹೆರೆಯೋದು, ನೋಟ್‌ಬುಕ್ ಹೊಲಿಯೋದು ಎಲ್ಲಾ ತೋರಿಸ್ತಾರಲ್ಲ, ಅಲ್ಲಿ ಕೇಳ್ಸೋದು ನೈನ್ ಇಂಚ್ ನೇಲ್ಸ್ ಬ್ಯಾಂಡ್‌ನ ಕ್ಲೋಸರ್ ಹಾಡು ಅಂತ ಎಲ್ಲರೂ ಹೇಳ್ತಾರೆ. ಆದ್ರೆ ನನ್ನ ಹತ್ರ ಇರೋ ಅವರ ದಿ ಡೌನ್‌ವರ್ಡ್ ಸ್ಪೈರಲ್ ಆಲ್ಬಮ್ ಸೀಡಿಲಿ ಕ್ಲೋಸರ್ ಹಿಂಗಿಲ್ಲ. ಅಲ್ಲಿ ದಪ್ಪ ಡ್ರಮ್ಮು, ಕುಣಿಸೋ ಬೇಸು, ಪಿಸುಗುಟ್ಟೋ ದನಿ. ಸಿನಿಮಾದಲ್ಲಿ ಬರೀ ಕರಕರ ಸದ್ದು, ಹಾಡಿನ ಸಾಲು ಕೊನೇಲಿ ಒಂದೇ ಒಂದು ಸಲ ಬಂದು ಹೋಗುತ್ತೆ. ಇದು ಸಿನಿಮಾಗೆ ಅಂತಾನೇ ಮಾಡಿದ್ದಾ? ಎಲ್ಲಿ ಸಿಗುತ್ತೆ?

ಟೇಪ್_ಸದ್ದು
ಸಿನಿಮಾಗೆ ಮಾಡಿದ್ದಲ್ಲ, ಅದಕ್ಕಿಂತ ಮುಂಚೆನೇ ಇತ್ತು. ಅದರ ಹೆಸರು 'ಕ್ಲೋಸರ್ (ಪ್ರಿಕರ್ಸರ್)', 1994ರಲ್ಲಿ ಬಂದ 'ಕ್ಲೋಸರ್ ಟು ಗಾಡ್' ಅನ್ನೋ ಸಿಂಗಲ್‌ನಲ್ಲಿದೆ, ಬ್ಯಾಂಡ್‌ನವರು ತಮ್ಮ ರಿಲೀಸ್‌ಗಳಿಗೆ ಹಾಕೋ 'ಹೇಲೋ' ನಂಬರ್ ಲೆಕ್ಕದಲ್ಲಿ ಅದು ಹೇಲೋ 9. ಪೂರ್ತಿ ಕೇಳಿದ್ರೆ 7 ನಿಮಿಷ ದಾಟುತ್ತೆ, ಟೈಟಲ್ ಡಿಸೈನ್ ಮಾಡಿದ ಕೈಲ್ ಕೂಪರ್ ಸೀಕ್ವೆನ್ಸಲ್ಲಿ ಬರೋದು ಅದರ ಒಂದು ತುಂಡು ಅಷ್ಟೆ. ರೀಮಿಕ್ಸ್ ಮಾಡಿದ್ದು ಇಂಗ್ಲೆಂಡಿನ ಕಾಯಿಲ್ ಅನ್ನೋ ಗುಂಪು, ಜೊತೆಗೆ ಡ್ಯಾನಿ ಹೈಡ್. ಈ ಕಾಯಿಲ್‌ನ ಪೀಟರ್ ಕ್ರಿಸ್ಟೊಫರ್‌ಸನ್ ಯಾರು ಗೊತ್ತಾ, ಮೊದ್ಲು ಥ್ರಾಬಿಂಗ್ ಗ್ರಿಸಲ್‌ನಲ್ಲಿದ್ದೋರು, ಆ ಗುಂಪು 1976ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದ ಲೇಬಲ್ ಹೆಸರೇ ಇಂಡಸ್ಟ್ರಿಯಲ್ ರೆಕಾರ್ಡ್ಸ್. ಈ ಸಂಗೀತಕ್ಕೆ 'ಇಂಡಸ್ಟ್ರಿಯಲ್' ಅನ್ನೋ ಹೆಸರು ಅಂಟಿಕೊಂಡಿದ್ದೇ ಅಲ್ಲಿಂದ. ಅಂದ್ರೆ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ತನ್ನ ಹಾಡನ್ನ ತಗೊಂಡೋಗಿ ಈ ಮನೆತನದ ಹಿರಿಯರ ಕೈಗೇ ಕೊಟ್ರು, ಅವ್ರು ಕುಣಿಯೋ ಭಾಗನೆಲ್ಲ ಕಿತ್ತಾಕಿ ಒಳಗಿದ್ದ ಭಯ ಮಾತ್ರ ಉಳಿಸಿದ್ರು. ನಂಗೆ ಒರಿಜಿನಲ್‌ಗಿಂತ ಇದೇ ಇಷ್ಟ.

ಬೇಸ್_ಭಟ್ಟ
@ಟೇಪ್_ಸದ್ದು ಒಪ್ಪಲ್ಲ ಗುರು. ಆಲ್ಬಮ್‌ದೇ ಬೆಸ್ಟು. ಪದರದ ಮೇಲೆ ಪದರ ಏರಿಸ್ತಾ ಹೋಗಿ ಕೊನೇಲಿ ಎಲ್ಲಾ ಕಳಚಿ ಬಿದ್ದು ಪಿಯಾನೋ ಒಂದೇ ಉಳಿಯುತ್ತಲ್ಲ, ಅದೇ ಸ್ವರಗಳು ಆಲ್ಬಮ್‌ನ ಟೈಟಲ್ ಹಾಡಲ್ಲಿ ಮತ್ತೆ ಬರುತ್ತೆ. ಪಾರ್ಟಿಲಿ ಹಾಕೋರು ಆ ಪಿಯಾನೋ ಬರೋಕೆ ಮುಂಚೆನೇ ಕಟ್ ಮಾಡ್ತಾರೆ, ನಂಗೆ ಹೊಟ್ಟೆ ಉರಿಯುತ್ತೆ. ಕೋರಸ್‌ನ ಆ ಒಂದು ಅಶ್ಲೀಲ ಪದ ಕೇಳಿ ಇದೇನೋ ಪೋಲಿ ಹಾಡು ಅಂದ್ಕೋತಾರೆ, ಅದು ತನ್ನನ್ನ ಕಂಡ್ರೆ ತನಗೇ ಆಗದವನ ಹಾಡು.

ಹಳೇಪ್ಲೇಟು
ಎಲ್ಲರೂ ಡ್ರಮ್ ವಿಷ್ಯ ಬಿಟ್ರಲ್ಲ! ಆಲ್ಬಮ್‌ನ ಕ್ಲೋಸರ್‌ನಲ್ಲಿ ಮೊದಲನೇ ಸೆಕೆಂಡಿಂದ ಧುಪ್ ಧುಪ್ ಅಂತ ಹೊಡೆಯೋ ಕಿಕ್ ಡ್ರಮ್ ಸದ್ದು ಇದೆಯಲ್ಲ, ಅದು ಇಗ್ಗಿ ಪಾಪ್‌ದು, 1977ರ ದಿ ಈಡಿಯಟ್ ಆಲ್ಬಮ್‌ನ 'ನೈಟ್‌ಕ್ಲಬಿಂಗ್' ಹಾಡಿಂದ ಸ್ಯಾಂಪಲ್ ಮಾಡಿ ರೆಜ್ನರ್ ಚೆನ್ನಾಗಿ ತಿದ್ದಿ ತೀಡಿದ್ದಾರೆ. ಅಲ್ಲೂ ಅದು ಮನುಷ್ಯ ಹೊಡೆದಿದ್ದಲ್ಲ, ಡ್ರಮ್ ಮಷೀನು. ಪ್ರೊಡ್ಯೂಸ್ ಮಾಡಿದ ಡೇವಿಡ್ ಬೋವಿಗೆ ಅದನ್ನ ಹಂಗೇ ಬಿಡೋಕೆ ಮನಸಿರ್ಲಿಲ್ಲ, ನಿಜವಾದ ಡ್ರಮ್ ಬೇಕು ಅಂದ್ರು, ಇಗ್ಗಿ ಬೇಡ ಇದೇ ಇರ್ಲಿ ಅಂತ ಹಟ ಹಿಡಿದ್ರು. ಆ ಹಟ ಇಲ್ದೇ ಇದ್ದಿದ್ರೆ ಕ್ಲೋಸರ್‌ಗೆ ಈ ಕಿಕ್ಕೇ ಇರ್ತಿರ್ಲಿಲ್ಲ.

ಇನ್ನೊಂದು, ಪ್ರಶ್ನೆ ಕೇಳಿದೋರು ಸಿನಿಮಾನ ಕೊನೆವರೆಗೂ ನೋಡಿ. ಸೆವೆನ್ ಮುಗಿದ್ಮೇಲೆ ಹೆಸರುಗಳು ಓಡುವಾಗ ಬರೋದು ಬೋವಿ ಹಾಡು, 'ದಿ ಹಾರ್ಟ್ಸ್ ಫಿಲ್ತಿ ಲೆಸನ್'. ಸಿನಿಮಾ ಬಿಡುಗಡೆ ಆದ ಅದೇ 1995ರ ಸೆಪ್ಟೆಂಬರ್‌ನಲ್ಲಿ ಬೋವಿ, ನೈನ್ ಇಂಚ್ ನೇಲ್ಸ್ ಇಬ್ರೂ ಒಟ್ಟಿಗೆ ಅಮೆರಿಕದಲ್ಲಿ ಟೂರ್ ಮಾಡ್ತಿದ್ರು. ಆ ಬೋವಿ ಹಾಡಿಗೂ ರೆಜ್ನರ್ ಒಂದು ಮಿಕ್ಸ್ ಮಾಡಿದ್ದಾರೆ. ನಾನು ಇದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ.

ಟೇಪ್_ಸದ್ದು
ಅಬ್ಬಾ, ಬೋವಿ ಎಂಡ್ ಕ್ರೆಡಿಟ್ಸ್ ನೆನಪಿತ್ತು, ಆದ್ರೆ ಈ ಕಿಕ್ ಜೊತೆ ಸೇರಿಸಿ ಯೋಚನೆ ಮಾಡೇ ಇರ್ಲಿಲ್ಲ. ಕ್ಲೋಸರ್‌ನ ವಿಡಿಯೋ ವಿಷ್ಯನೂ ಹೇಳ್ಬಿಡ್ತೀನಿ. ಮಾರ್ಕ್ ರೊಮಾನೆಕ್ ನಿರ್ದೇಶನ, ಎಂಟಿವಿಗೆ ಅಂತ ಕತ್ತರಿಸಿದ್ದರಲ್ಲಿ ಆ ಪದದ ಜಾಗದಲ್ಲಿ ಸದ್ದೇ ಇರಲ್ಲ, ಮಧ್ಯೆ 'ಸೀನ್ ಮಿಸ್ಸಿಂಗ್' ಅಂತ ಹಳೇ ರೀಲಿನ ಥರ ಕಾರ್ಡ್ ಬರುತ್ತೆ. ಕತ್ತರಿಸದೇ ಇರೋದನ್ನೇ ನೋಡಿ, ಆದ್ರೆ ಮನೇಲಿ ಮಕ್ಕಳಿರುವಾಗ ಬೇಡ.

ಬೇಸ್_ಭಟ್ಟ
ಲೈವ್‌ದೂ ಸೇರಿಸ್ಕೊಳ್ಳಿ. 2002ರ ಆಂಡ್ ಆಲ್ ದಟ್ ಕುಡ್ ಹ್ಯಾವ್ ಬೀನ್ ಲೈವ್ ಆಲ್ಬಮ್‌ನಲ್ಲಿರೋ ಕ್ಲೋಸರ್ ಒರಟು, ಗಿಟಾರ್ ಜಾಸ್ತಿ. ಅದಾದ್ಮೇಲಿನ ಟೂರ್‌ಗಳಲ್ಲಿ ಮಧ್ಯೆ 1989ರ ಮೊದಲ ಆಲ್ಬಮ್‌ನ 'ದಿ ಓನ್ಲಿ ಟೈಮ್' ಹಾಡಿನ ಸಾಲುಗಳನ್ನ ತೂರಿಸೋಕೆ ಶುರು ಮಾಡಿದ್ರು, ಹೊಲಿಗೆ ಗೊತ್ತೇ ಆಗಲ್ಲ.

ಮಳೆರಾತ್ರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದ್ಲು ನೈಟ್‌ಕ್ಲಬಿಂಗ್, ಆಮೇಲೆ ಕ್ಲೋಸರ್, ಆಮೇಲೆ ಪ್ರಿಕರ್ಸರ್ ಹಿಂಗೆ ಸಾಲಾಗಿ ಕೇಳ್ದೆ. ನೈಟ್‌ಕ್ಲಬಿಂಗ್‌ನಲ್ಲಿ ಆ ಕಿಕ್ಕು ರಾತ್ರಿ ಕುಡಿದು ನಿಧಾನಕ್ಕೆ ಮನೆಗೆ ನಡ್ಕೊಂಡು ಹೋಗೋರ ಹೆಜ್ಜೆ ಥರ ಇದೆ. ಕ್ಲೋಸರ್‌ನಲ್ಲಿ ಅದೇ ಹೆಜ್ಜೆ ನಮ್ಮ ಕಡೆಗೇ ಬರ್ತಿದೆ ಅನ್ಸುತ್ತೆ. @ಬೇಸ್_ಭಟ್ಟ ಪಿಯಾನೋವರೆಗೂ ಕೇಳ್ದೆ, ಕಟ್ ಮಾಡ್ಲಿಲ್ಲ.