ಕತ್ತಿ ಅಭ್ಯಾಸಕ್ಕೆ ಏನನ್ನು ಕಡಿಯುವುದು? ಅನುಭವ ಇರುವವರು ಹೇಳಿ

ಗರಾಜ್ ಗರಡಿ:
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಯುರೋಪಿನ ಲಾಂಗ್‌ಸ್ವೋರ್ಡ್, ಅಂದರೆ ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಯ ವಿದ್ಯೆ ಕಲಿಯುತ್ತಿದ್ದೇನೆ. ಈಗ ಹರಿತವಾದ ಕತ್ತಿ ಕೊಂಡಿದ್ದೇನೆ. ಮನೆಯಲ್ಲೂ ಕಡಿದು ಅಭ್ಯಾಸ ಮಾಡು ಅಂತ ಮೇಷ್ಟ್ರು ಹೇಳಿದ್ದಾರೆ. ಹಿತ್ತಲು ಚಿಕ್ಕದು, ಸುತ್ತ ಬೇಲಿ ಇದೆ. ಚಳಿಗಾಲದಲ್ಲಿ ಗರಾಜೇ ಗತಿ. ತಿಂಗಳಿಗೆ 40 ಡಾಲರ್ ಮೀರಬಾರದು. ದೂರ ನಿಂತು ನೋಡುವ ಮಗಳಿಗೂ ಖುಷಿ ಆಗಬೇಕು, ನನಗೂ ಕೈ ಕುದುರಬೇಕು. ಏನು ಕಡಿದರೆ ಒಳ್ಳೇದು?

ಬೇ ಏರಿಯಾ ಚಾಪೆ:
ತತಾಮಿ ತೊಗೊಳ್ಳಿ, ಅಂದರೆ ಜಪಾನಿನವರ ಹುಲ್ಲಿನ ಚಾಪೆ. ಬೇರೆ ಮಾತೇ ಬೇಡ. ನಾನು ಹಿಡಿದದ್ದು ಜಪಾನಿ ಕತ್ತಿ, ಆದರೆ ಕಡಿತ ಅಂದರೆ ಎಲ್ಲಾ ಕಡೆ ಕಡಿತವೇ.

ನನ್ನ ಕಥೆ ಕೇಳಿ. ಮೊದಲ ಸಲ ತರಿಸಿದಾಗ ಚಾಪೆಗೆ ತಲಾ 7 ಡಾಲರ್, 30 ಚಾಪೆಗೆ 210 ಆಯಿತು. ಅದರ ಮೇಲೆ ಸಾಗಣೆ 96. ಪೆಟ್ಟಿಗೆ ಬಂದಾಗ ಒಂದು ಮೂಲೆ ಜಜ್ಜಿ ಹೋಗಿತ್ತು, ಒಳಗೆ ಮಳೆನೀರು ಇಳಿದಿತ್ತು. ಮೇಲಿನ ಎಂಟು ಚಾಪೆಗೆ ಬೂಷ್ಟು. ಕಟ್ಟಿದ್ದೇ ಸರಿಯಿಲ್ಲ ಅಂತ ಸಾಗಣೆಯವರು, ನಾವು ಕಳಿಸುವಾಗ ಸರಿಯಾಗೇ ಇತ್ತು ಅಂತ ಮಾರಿದವರು. ಒಂದು ಕಾಸೂ ವಾಪಸ್ ಬರಲಿಲ್ಲ. ಈಗ ನಾವು ಕೆಲವರು ಸೇರಿ ದೊಡ್ಡ ಲೋಡ್ ತರಿಸುತ್ತೇವೆ. ಸಾಗಣೆ ಸೇರಿಸಿದರೂ ಒಂದು ಚಾಪೆ 8 ಡಾಲರ್ ದಾಟುವುದಿಲ್ಲ.

ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಸದ ಡ್ರಮ್ಮಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನಿಲ್ಲಿಸಿ ನೀರು ಬಸಿಯಿರಿ. ಜಾಸ್ತಿ ದಿನ ಬಿಟ್ಟರೆ ವಾಸನೆಗೆ ಮನೆಯವರು ಹೊರಗೆ ಹಾಕುತ್ತಾರೆ. ಕಡಿದ ಮೇಲೆ ಚಾಪೆಯ ತುಂಡಾದ ಮುಖ ನೋಡಿ. ಅಲಗು ನೇರ ಹೋಗಿದ್ದರೆ ಸಪಾಟಾಗಿರುತ್ತದೆ. ಮಧ್ಯದಲ್ಲಿ ಮಣಿಕಟ್ಟು ತಿರುಗಿದ್ದರೆ ಗುಳಿ ಬಿದ್ದಿರುತ್ತದೆ. ಬೇರೆ ಯಾವ ವಸ್ತುವೂ ಇಷ್ಟು ಪ್ರಾಮಾಣಿಕವಾಗಿ ತಪ್ಪು ತೋರಿಸುವುದಿಲ್ಲ.

ವಿರಾಜಪೇಟೆ ಬಾಳೆ:
ದುಡ್ಡು ಕೊಟ್ಟು ಹುಲ್ಲು ತರಿಸಿ ನೆನೆಹಾಕುವುದು ನನ್ನ ತಲೆಗೆ ಹೋಗುವುದಿಲ್ಲ. ನಾವು ಕೊಡವರು ಮದುವೆ ಮನೆಯಲ್ಲೇ ಬಾಳೆ ಕಡಿಯುತ್ತೇವೆ. ನೆಟ್ಟ ಬಾಳೆಕಂಬವನ್ನು ಒಡಿಕತ್ತಿಯಿಂದ, ಅಂದರೆ ನಮ್ಮ ಬಾಗಿದ ಕತ್ತಿಯಿಂದ, ಒಂದೇ ಏಟಿಗೆ ಉರುಳಿಸಬೇಕು. ನೆಂಟರೆಲ್ಲ ನೋಡುತ್ತಿರುತ್ತಾರೆ. ಎರಡನೇ ಏಟು ಹೊಡೆದರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ನಾನು ಅಣ್ಣನ ಮದುವೆಯಲ್ಲಿ ಒಂದೇ ಏಟಿಗೆ ಉರುಳಿಸಿದವನು.

ಅದಕ್ಕೆ ಅಭ್ಯಾಸ ತೋಟದಲ್ಲೇ ನಡೆಯುತ್ತದೆ. ಗೊನೆ ಕೊಯ್ದ ಮೇಲೆ ಆ ಗಿಡ ಮತ್ತೆ ಗೊನೆ ಬಿಡುವುದಿಲ್ಲ, ಹೇಗೂ ಕಡಿಯಬೇಕು. ಖರ್ಚು ಸೊನ್ನೆ ಅಂತ ನಾನೂ ಹೇಳುತ್ತಿದ್ದೆ, ಆನೆ ಬರುವ ತನಕ. ಬಾಳೆ ಇದ್ದ ಕಡೆ ಆನೆ ಬರುತ್ತದೆ. ಒಂದೇ ರಾತ್ರಿ ಕಾಫಿ ಗಿಡದ ನಡುವಿನ ಬಾಳೆಯೆಲ್ಲ ಮುರಿದು ಮೆದ್ದು ಹೋದವು. ಕಾಫಿ ಗಿಡ ತುಳಿದದ್ದು ಬೇರೆ. ಸೋಲಾರ್ ಬೇಲಿಗೆ 1,40,000 ರೂಪಾಯಿ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಕಡಿದು ಮತ್ತೆ 11,000. ಬ್ಯಾಟರಿ ಕೆಟ್ಟು 9,500. ಪರಿಹಾರಕ್ಕೆ ಕೊಟ್ಟ ಅರ್ಜಿ ಎಲ್ಲಿ ಹೋಯಿತೋ ಏನೋ. ಆದರೂ ಬಾಳೆ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಬೇ ಏರಿಯಾ ಚಾಪೆ:
ಬಾಳೆ ಪೂರ್ತಿ ನೀರು, ಸರ್. ಮೊಂಡು ಮಚ್ಚು ಬೀಸಿದರೂ ಬೀಳುತ್ತದೆ. ಅಲಗು ಓರೆ ಹೋದರೂ ಅದು ಕ್ಷಮಿಸಿಬಿಡುತ್ತದೆ. ಅದರಿಂದ ಏನು ಕಲಿತ ಹಾಗಾಯಿತು?

ವಿರಾಜಪೇಟೆ ಬಾಳೆ:
ನೀವು ನಿಜವಾಗಿ ಎಂದಾದರೂ ಕಡಿದಿದ್ದೀರಾ? ಚೆನ್ನಾಗಿ ಬೆಳೆದ ಬಾಳೆಯ ಬುಡ ನಿಮ್ಮ ಚಾಪೆ ಸುರುಳಿಯ ಎರಡರಷ್ಟು ದಪ್ಪ. ಪಟ್ಟೆಯ ಮೇಲೆ ಪಟ್ಟೆ. ಬರೀ ಮಣಿಕಟ್ಟಿನಲ್ಲಿ ಹೊಡೆದರೆ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಳೆಯುತ್ತಾ ನಿಲ್ಲಬೇಕು. ಸೊಂಟ, ಕಾಲು, ಭುಜ ಎಲ್ಲ ಒಟ್ಟಿಗೆ ಬರಬೇಕು. ಒಡಿಕತ್ತಿಯ ಹರಿತ ಒಳಬಾಗಿನಲ್ಲಿರುತ್ತದೆ, ತೂಕ ಮುಂದಕ್ಕೆ ಇರುತ್ತದೆ. ನಿಮ್ಮ ಜಪಾನಿ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮನೆಯ ಹಿರಿಯರು ಕೊಟ್ಟ ಆಯುಧ ಅದು. ನಮ್ಮ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಪೂಜೆ ಮಾಡುತ್ತೇವೆ. ಹಗುರವಾಗಿ ಮಾತಾಡಬೇಡಿ.

ಮದ್ದೂರು ಮೆದೆ:
ಇಬ್ಬರೂ ಸ್ವಲ್ಪ ತಡೆಯಿರಿ. ತತಾಮಿಗೂ ಮುಂಚೆ ಜಪಾನಿನವರು ಕಡಿಯುತ್ತಿದ್ದದ್ದು ನೆನೆಸಿದ ಭತ್ತದ ಹುಲ್ಲಿನ ಕಟ್ಟನ್ನೇ. ಅದು ನಮ್ಮೂರಲ್ಲಿ ಬೇಕಾದಷ್ಟು ಇದೆ ಅಂದುಕೊಂಡು ನಾನು ಶುರು ಮಾಡಿದೆ.

ತೊಂದರೆ ಎಲ್ಲಿ ಬಂತು ಅಂದರೆ, ಈಗ ಕೊಯ್ಲೆಲ್ಲ ಮೆಷಿನ್ನಿನಲ್ಲಿ. ಮೆಷಿನ್ ಹುಲ್ಲು ನಜ್ಜುಗುಜ್ಜಾಗಿ ತುಂಡು ತುಂಡಾಗಿ ಬೀಳುತ್ತದೆ. ಕಟ್ಟಿದರೆ ನಿಲ್ಲುವುದಿಲ್ಲ, ಏಟು ಬಿದ್ದ ಕಡೆ ಕುಸಿಯುತ್ತದೆ. ಕೈಯಲ್ಲಿ ಕೊಯ್ದು ಬಡಿದ ಉದ್ದ ಹುಲ್ಲೇ ಆಗಬೇಕು. ಅದಕ್ಕೆ ಒಂದು ಮೂಲೆ ಗದ್ದೆಯನ್ನು ಕೈಯಲ್ಲೇ ಕೊಯ್ಯಿಸಿದೆ. ಹೆಣ್ಣಾಳಿಗೆ 450, ಗಂಡಾಳಿಗೆ 700, ಊಟ, ಕಾಫಿ ಬೇರೆ. ಮೆದೆ ಹಾಕಿದ ವಾರವೇ ಅಕಾಲದ ಮಳೆ. ಟಾರ್ಪಾಲ್ ಹೊದಿಸಿದ್ದರೂ ಬುಡದ ಹುಲ್ಲೆಲ್ಲ ಕಪ್ಪಾಯಿತು. ಉಳಿದದ್ದರಲ್ಲಿ ಅರ್ಧ ಹಸುವಿಗೆ, ಅರ್ಧ ನನಗೆ. ಮನೆಯಲ್ಲಿ ಅದಕ್ಕೂ ಜಗಳ.

ಆದರೆ ಕಟ್ಟು ಸರಿಯಾಗಿ ಬಂದಾಗ ಅದರ ಸುಖ ಬೇರೆ. ತೊಡೆ ಗಾತ್ರ ಕಟ್ಟಿ, ಗೇಣಿಗೊಂದು ಹಗ್ಗ ಬಿಗಿದು, ಕೆರೆ ನೀರಲ್ಲಿ ರಾತ್ರಿ ಮುಳುಗಿಸಿಡುತ್ತೇನೆ. ಹಗ್ಗ ಒದ್ದೆಯಾದಾಗ ಇನ್ನೂ ಬಿಗಿಯಾಗುತ್ತದೆ. ಓರೆ ಕಡಿತ ಸರಿಯಾಗಿ ಬಿದ್ದರೆ ಮೇಲಿನ ತುಂಡು ಸುಮ್ನೆ ಜಾರಿ ಇಳಿಯುತ್ತದೆ. ಕೈಗೆ ಏಟಿನ ಭಾರವೇ ತಿಳಿಯುವುದಿಲ್ಲ.

ಬೇ ಏರಿಯಾ ಚಾಪೆ:
ಭತ್ತದ ಹುಲ್ಲಿನಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ ಜಾಸ್ತಿ. ಅಲಗು ಬೇಗ ಮೊಂಡಾಗುತ್ತದೆ, ಅದರ ಮೈಮೇಲೆ ಗೀರು ಬೀಳುತ್ತದೆ. ಅದನ್ನೂ ಹೇಳಿ.

ಮದ್ದೂರು ಮೆದೆ:
ಸಾಣೆ ಹಿಡಿಯಲು ಬರುವವನಿಗೆ ಅದು ಸಮಸ್ಯೆಯೇ ಅಲ್ಲ. ಗೀರು ಬೀಳಬಾರದು ಅಂದರೆ ಕತ್ತಿಯನ್ನು ಗೋಡೆಗೆ ತೂಗುಹಾಕಿ.

ಆಸ್ಟಿನ್ ಅಕ್ಕ:
ಕೇಳಿದವರ ಹತ್ತಿರ ಗದ್ದೆಯೂ ಇಲ್ಲ, ತೋಟವೂ ಇಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಅಂತ ಒಬ್ಬರಾದರೂ ಹೇಳಬಾರದಾ? ನಾನು ಕಲಿತದ್ದೇ ಅದರಲ್ಲಿ.

ಹಾಲು ಬರುವ ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಮೆತ್ತಗಿರುತ್ತದೆ, ಅದರಿಂದ ಶುರು ಮಾಡಬಹುದು. ಸೋಡಾದ ಪ್ಲಾಸ್ಟಿಕ್ ಬಾಟಲಿ ಗಟ್ಟಿ, ಮೈ ಗುಂಡಗೆ. ಅಲಗು ಒಂಚೂರು ಓರೆಯಾದರೂ ಜಾರಿ ಬಾಟಲಿ ಬೇಲಿಗೆ ಹಾರುತ್ತದೆ. ಕಟ್ಟಬೇಡಿ, ಅಂಟಿಸಬೇಡಿ, ಸುಮ್ನೆ ಸ್ಟ್ಯಾಂಡ್ ಮೇಲೆ ಇಡಿ. ಕಡಿತ ಶುದ್ಧವಾಗಿದ್ದರೆ ಮೇಲಿನ ಅರ್ಧ ಹೋಗುತ್ತದೆ, ಕೆಳಗಿನ ಅರ್ಧ ಅಂಚಿನವರೆಗೂ ನೀರು ತುಂಬಿಕೊಂಡು ಅಲ್ಲೇ ನಿಂತಿರುತ್ತದೆ. ಅಂಚು ಮುಟ್ಟಿ ನೋಡಿದರೆ ನುಣ್ಣಗಿರುತ್ತದೆ. ನನ್ನ ಮಕ್ಕಳು ಚಪ್ಪಾಳೆ ಹೊಡೆಯುವುದು ಅದಕ್ಕೇ. ನೀರಿಗೆ ಬಣ್ಣ ಹಾಕಿದರೆ ಇನ್ನೂ ಖುಷಿ.

ದುಡ್ಡು ಹೋದದ್ದು ಸ್ಟ್ಯಾಂಡಿನಲ್ಲಿ. ಬಡಗಿಗೆ ಮೊಳೆ ಬೇಡ, ಮರದ ಗೂಟವೇ ಹಾಕಿ ಅಂತ ಬರೆದೇ ಕೊಟ್ಟಿದ್ದೆ. 120 ಡಾಲರ್ ತೊಗೊಂಡು ಒಳಗೆ ಮೊಳೆ ಹೊಡೆದು ಮೇಲೆ ಮೇಣ ಮುಚ್ಚಿದ್ದ. ಕತ್ತಿ ಸ್ಟ್ಯಾಂಡಿಗೆ ಇಳಿದ ದಿನ ಅಲಗಿನಲ್ಲಿ ಕಣ್ಣಿಗೆ ಕಾಣುವಷ್ಟು ಹಲ್ಲು ಬಿತ್ತು. ಸಾಣೆಗೆ 85, ಕಳಿಸಲು 42, ವಾಪಸ್ ತರಿಸಲು 38. ಆ ಮನುಷ್ಯ ಇವತ್ತಿಗೂ ಫೋನ್ ಎತ್ತುವುದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇನ್ನೊಂದು ಮಾತು. ನೀರು ಅಲಗಿನಿಂದ ಇಳಿದು ಹಿಡಿಯ ಸಂದಿಗೆ ಹೋಗುತ್ತದೆ. ಮೇಲೆ ಒರೆಸಿದರೆ ಸಾಲದು. ಮೊನೆ ಕೆಳಗೆ ಮಾಡಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಆ ಸಂದಿಗೆ ಎಣ್ಣೆ ಬಿಡಿ. ಇಲ್ಲದಿದ್ದರೆ ಒಳಗಿಂದ ತುಕ್ಕು ಹಿಡಿಯುತ್ತದೆ.

ಜಯನಗರ ನೂಡಲ್:
ಪೂಲ್ ನೂಡಲ್. ಮಕ್ಕಳು ಈಜುವಾಗ ಹಿಡಿದುಕೊಳ್ಳುವ ಫೋಮ್ ಕೊಳವೆ. ಅಮೆರಿಕದಲ್ಲಿ ಒಂದೂವರೆ ಡಾಲರಿಗೆ ಸಿಗುತ್ತದಂತೆ, ಇಲ್ಲಿ ನಾನು 260 ರೂಪಾಯಿ ಕೊಡುತ್ತೇನೆ. ಗೂಟಕ್ಕೆ ಸಿಕ್ಕಿಸಿ, ಮೇಲಿಂದ ಒಂದೊಂದು ಗೇಣು ಕಡಿಯುತ್ತಾ ಬನ್ನಿ. ಹಗುರ ಇರುವುದರಿಂದ ಬರೀ ಬಲ ಹಾಕಿದರೆ ತುಂಡಾಗುವುದಿಲ್ಲ, ಬಾಗುತ್ತದೆ. ಹರಿತ ಮತ್ತು ನೇರ ಎರಡೂ ಬೇಕು. ನೀರಿಲ್ಲ, ತುಕ್ಕಿಲ್ಲ, ವಾಸನೆಯಿಲ್ಲ.

ಮುಂಚೆ ಪೇಪರ್ ಸುರುಳಿ ನೆನೆಸುತ್ತಿದ್ದೆ. ರದ್ದಿ ಅಂಗಡಿಯಲ್ಲಿ ಕೆಜಿಗೆ 14 ಕೇಳಿದ, 18 ತೊಗೊಂಡ. ಮೂಟೆಯೊಳಗೆ ಅರ್ಧ ಹೊಳೆಯುವ ಮ್ಯಾಗಜೀನ್ ತುಂಬಿದ್ದ. ಆ ಕಾಗದದ ಮೇಲೆ ಸುಣ್ಣದಕಲ್ಲಿನ ಪುಡಿ, ಜೇಡಿಮಣ್ಣಿನ ಲೇಪ ಇರುತ್ತದೆ. ಹೊಸ ಸಾಣೆಯೆಲ್ಲ ಅದಕ್ಕೇ ಹೋಯಿತು.

ಆಯುಧ ಪೂಜೆ ಮುಗಿದ ಮಾರನೇ ದಿನ ಮಾತ್ರ ನನಗೆ ಹಬ್ಬ. ಬೀದಿ ಬೀದಿಯಲ್ಲಿ ಬಾಳೆಕಂದಿನ ರಾಶಿ. ಬೂದುಗುಂಬಳವೂ ಸಿಗುತ್ತದೆ. ಆದರೆ ಒಳಗೆ ಕುಂಕುಮದ ಜೊತೆ ನಾಣ್ಯ ಹಾಕಿರುತ್ತಾರೆ, ಎಚ್ಚರ. ನಮ್ಮ ರಸ್ತೆಯ ಗ್ಯಾರೇಜಿನವರು ಒಡೆಯದೆ ಉಳಿದದ್ದೊಂದು ಕೊಟ್ಟರು, ನಾಣ್ಯ ತೆಗೆದಿದ್ದೇವೆ ಅಂದರು. ತೆಗೆದಿರಲಿಲ್ಲ. ಅಲಗಿನ ತುದಿ ಮುಕ್ಕಾಯಿತು.

ಮದ್ದೂರು ಮೆದೆ:
ಕುಂಬಳಕಾಯಿ, ಕಲ್ಲಂಗಡಿ ಎಲ್ಲ ತಿನ್ನುವ ಪದಾರ್ಥ. ಒಂದು ಕಲ್ಲಂಗಡಿ ಬೆಳೆಯಲು ಎಷ್ಟು ನೀರು, ಎಷ್ಟು ಗೊಬ್ಬರ ಬೇಕು ಗೊತ್ತಾ? ಆಟಕ್ಕೆ ಕಡಿದು ಬಿಸಾಡುವುದು ಸರಿಯಲ್ಲ.

ಜಯನಗರ ನೂಡಲ್:
ನಾನು ಕಡಿದದ್ದು ದೃಷ್ಟಿ ತೆಗೆದ ಕಾಯಿ. ಅದನ್ನು ಯಾರೂ ತಿನ್ನುವುದಿಲ್ಲ. ಸುಮ್ನೆ ರಸ್ತೆಯಲ್ಲಿ ಒಡೆದು ಸ್ಕೂಟರಿನವರು ಜಾರಿ ಬೀಳುವುದಕ್ಕಿಂತ ವಾಸಿ ಅಲ್ವಾ? ಹಸುವಿನ ಹುಲ್ಲು ಕಡಿಯುವವರು ಇದನ್ನು ಹೇಳಬಾರದು.

ಮದ್ದೂರು ಮೆದೆ:
ನನ್ನ ಹಸು ಉಪವಾಸ ಇಲ್ಲ. ಕಡಿದ ಹುಲ್ಲನ್ನೂ ಅದು ತಿನ್ನುತ್ತದೆ. ಅದಿರಲಿ, ಜಯನಗರದಲ್ಲಿ ಕತ್ತಿ ಇಟ್ಟುಕೊಳ್ಳಲು ಪರವಾನಗಿ ಇದೆಯಾ? 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿಯ ಹೆಸರೇ ಇದೆ. ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಲ್ಲದ, 9 ಅಂಗುಲ ದಾಟಿದ ಚಾಕುವೂ ಅದರಲ್ಲಿ ಬರುತ್ತದೆ.

ಜಯನಗರ ನೂಡಲ್:
ಎಲ್ಲ ಕಾಗದಪತ್ರ ಸರಿ ಇದೆ. ನಿಮಗೆ ತೋರಿಸುವ ಅಗತ್ಯ ಇಲ್ಲ.

ಆಸ್ಟಿನ್ ಅಕ್ಕ:
ನೂಡಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬರೀ ಅದನ್ನೇ ಕಡಿದರೆ ಕೈ ಮಣಿಕಟ್ಟಿನಿಂದ ಚಿಮ್ಮಿ ಹೊಡೆಯುವುದನ್ನು ಕಲಿಯುತ್ತದೆ. ನನ್ನ ಹತ್ತಿರ ಬಂದ ಒಬ್ಬ ಹುಡುಗ ನೂಡಲ್‌ನಲ್ಲಿ ರಾಜ. ಚಾಪೆಯ ಮುಂದೆ ನಿಲ್ಲಿಸಿದರೆ ಕತ್ತಿ ಮೂರನೇ ಒಂದು ಭಾಗದಲ್ಲೇ ನಿಂತುಬಿಟ್ಟಿತು.

ಬೇ ಏರಿಯಾ ಚಾಪೆ:
ಅದನ್ನೇ ನಾನು ಮೊದಲಿಂದ ಹೇಳುತ್ತಿರುವುದು.

ಗರಾಜ್ ಗರಡಿ:
ಎಲ್ಲರಿಗೂ ಥ್ಯಾಂಕ್ಸ್. ಗರಾಜಿನ ಚಾವಣಿ 8 ಅಡಿ. ಅಲ್ಲಿ ನೂಡಲ್ ಕಡಿಯಬಹುದಾ? ಹಸಿ ಬಿದಿರು ನಮ್ಮ ಪಕ್ಕದ ಮನೆಯವರ ಹಿತ್ತಲಲ್ಲಿ ಬೆಳೆದಿದೆ, ಬೇಕಾದಷ್ಟು ಕಡಿದುಕೊಳ್ಳಿ ಅಂತಾರೆ.

ಆಸ್ಟಿನ್ ಅಕ್ಕ:
8 ಅಡಿಗೆ ಮೇಲಿಂದ ಹೊಡೆತ ಬೇಡವೇ ಬೇಡ. ಲಾಂಗ್‌ಸ್ವೋರ್ಡ್ ಎತ್ತಿದರೆ ಚಾವಣಿಗೆ ತಾಗುತ್ತದೆ. ಅಡ್ಡ ಕಡಿತ, ಕೆಳಗಿಂದ ಮೇಲೆ ಬರುವ ಗಿಡ್ಡ ಕಡಿತ ಮಾತ್ರ. ಮಗಳು ಗರಾಜಿನೊಳಗೆ ಇರಬಾರದು, ಕಿಟಕಿಯಿಂದ ನೋಡಲಿ.

ಬೇ ಏರಿಯಾ ಚಾಪೆ:
ಬಿದಿರು ಈಗಲೇ ಬೇಡ. ಒಣಗಿದ್ದರೆ ಅಲಗು ಮುಕ್ಕಾಗುತ್ತದೆ. ಹಸಿಯಾದರೂ ಗೆಣ್ಣು ತಪ್ಪಿಸಿ ಹೊಡೆಯುವಷ್ಟು ಗುರಿ ಬೇಕು. ಓರೆ ಕಡಿದ ಮೇಲೆ ಉಳಿಯುವ ಬುಡ ಈಟಿಯಷ್ಟೇ ಚೂಪು, ಎಡವಿ ಅದರ ಮೇಲೆ ಬಿದ್ದರೆ ಕಥೆ ಮುಗಿಯಿತು. ಮತ್ತೆ, ಏನೇ ಕಡಿದರೂ ಅದೇ ದಿನ ಒರೆಸಿ ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿ. ಅಡುಗೆ ಎಣ್ಣೆ ಮಾತ್ರ ಮುಟ್ಟಿಸಬೇಡಿ.

ವಿರಾಜಪೇಟೆ ಬಾಳೆ:
ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ತೆಂಗಿನೆಣ್ಣೆಯೇ. ಬಾಳೆಯ ಕರೆ ಕಬ್ಬಿಣವನ್ನು ಕಪ್ಪು ಮಾಡುತ್ತದೆ ನಿಜ, ನಿಂಬೆ ಹೋಳಿನಿಂದ ಉಜ್ಜಿ ತೊಳೆದು ಒಣಗಿಸಿ ಎಣ್ಣೆ ಹಚ್ಚುತ್ತೇವೆ. ಇಂದಿಗೂ ಒಂದು ಚುಕ್ಕೆ ತುಕ್ಕಿಲ್ಲ.

ಬೇ ಏರಿಯಾ ಚಾಪೆ:
ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಹಳೆಯದಾದರೆ ಕಮಟುತ್ತದೆ. ಒರೆಯೊಳಗೆ ಅಂಟಾಗಿ ಧೂಳು ಹಿಡಿದು ಅಲಗನ್ನೇ ಉಜ್ಜುತ್ತದೆ. ನನ್ನ ಗೆಳೆಯನ ಒರೆ ಹಾಗೇ ಹಾಳಾಯಿತು. ಹೊಸ ಒರೆಗೆ 310 ಡಾಲರ್.

ವಿರಾಜಪೇಟೆ ಬಾಳೆ:
ಒಡಿಕತ್ತಿಗೆ ಒರೆಯೇ ಇಲ್ಲ ಸ್ವಾಮಿ. ಬೆನ್ನ ಹಿಂದೆ ತೊಡಂಗ್ ಅನ್ನುವ ಲೋಹದ ಕೊಂಡಿಗೆ ಸಿಕ್ಕಿಸುತ್ತೇವೆ, ಅಲಗು ತೆರೆದೇ ಇರುತ್ತದೆ. ಮನೆಗೆ ಬಂದರೆ ಗೋಡೆಯ ಮೇಲೆ. ನಿಮ್ಮ ಒರೆಯ ಕಷ್ಟವನ್ನು ನಮ್ಮ ಎಣ್ಣೆಯ ಮೇಲೆ ಹಾಕಬೇಡಿ.

ಬೇ ಏರಿಯಾ ಚಾಪೆ:
ಒರೆ ಇಲ್ಲದ್ದಕ್ಕೆ ಆಯಿತು, ಒಪ್ಪಿದೆ. ಕೇಳಿದವರ ಕತ್ತಿಗೆ ಒರೆ ಇದೆ. ಅವರಿಗೆ ಮೆಷಿನ್ ಎಣ್ಣೆಯೇ. ಬಾಳೆ ವಿಷಯದಲ್ಲಿ ಮಾತ್ರ ನಾನು ಹೇಳಿದ್ದು ಹೇಳಿದ್ದೇ.